ಕ್ಯಾಲಿಫೋರ್ನಿಯಾ ಸ್ಟೇಟ್ ಟ್ಯಾಕ್ಸ್ ಕಂತಲ್ಲಿ ಕಟ್ಟೋದು

ಅಕ್ಟೋಬರ್‌ನಲ್ಲಿ ರಿಟರ್ನ್ ಹಾಕಿದ್ರೂ ಕ್ಯಾಲಿಫೋರ್ನಿಯಾದಿಂದ ಪೆನಾಲ್ಟಿ ಯಾಕೆ ಬಂತು ಅಂದ್ರಲ್ಲ, ನಿಮ್ಮ ನೋಟಿಸ್ ನೋಡಿಲ್ಲ ಆದ್ರೆ ಬಹುಶಃ ಎಕ್ಸ್‌ಟೆನ್ಷನ್ (ರಿಟರ್ನ್ ಹಾಕೋಕೆ ಸಿಗೋ ಹೆಚ್ಚಿನ ಟೈಮ್) ಅಂದ್ರೆ ದುಡ್ಡು ಕಟ್ಟೋಕೂ ಟೈಮ್ ಅಂದ್ಕೊಂಡಿದೀರ. ಅಲ್ಲ. ಅಕ್ಟೋಬರ್ 15 ಇರೋದು ಫಾರಂ ಹಾಕೋಕೆ ಮಾತ್ರ, ದುಡ್ಡು ಏಪ್ರಿಲ್ 15ಕ್ಕೇ ಹೋಗ್ಬೇಕಿತ್ತು. ಐಆರ್‌ಎಸ್ (ಅಮೆರಿಕದ ಕೇಂದ್ರ ತೆರಿಗೆ ಇಲಾಖೆ) ಜೊತೆ ಕಂತು ಮಾಡ್ಕೊಂಡಿದ್ರೂ ಅದು ಫೆಡರಲ್ ಟ್ಯಾಕ್ಸ್‌ಗಷ್ಟೇ, ಸ್ಟೇಟ್‌ಗೆ ಬೇರೆ ಅರ್ಜಿ ಹಾಕ್ಬೇಕು, ನಾನೂ ಇಲ್ಲೇ ಎಡವಿದ್ದು.

ಮೊದ್ಲು ಹಳೇ ವರ್ಷದ ಸ್ಟೇಟ್ ರಿಟರ್ನ್ ಯಾವ್ದಾದ್ರೂ ಬಾಕಿ ಇದ್ರೆ ಹಾಕ್ಬಿಡಿ, ಅದಿಲ್ದೆ ಕಂತಿಗೆ ಒಪ್ಪಲ್ಲ. ಆಮೇಲೆ ಸ್ಟೇಟ್ ಇನ್ಕಮ್ ಟ್ಯಾಕ್ಸ್ ನೋಡ್ಕೊಳ್ಳೋ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ವೆಬ್‌ಸೈಟಲ್ಲಿ ಇನ್‌ಸ್ಟಾಲ್‌ಮೆಂಟ್ ಅಗ್ರಿಮೆಂಟ್‌ಗೆ (ಕಂತಿನ ಒಪ್ಪಂದಕ್ಕೆ) ಅಪ್ಲೈ ಮಾಡಿ, ಬ್ಯಾಂಕ್ ಅಕೌಂಟ್ ನಂಬರ್, ರೌಟಿಂಗ್ ನಂಬರ್ (ನಿಮ್ಮ ಬ್ಯಾಂಕ್ ಯಾವ್ದು ಅಂತ ಗುರುತಿಸೋ ನಂಬರ್) ಕೈಲಿರ್ಲಿ. ಬಾಕಿ 25,000 ಡಾಲರ್ ಒಳಗಿದ್ದು 60 ತಿಂಗಳಲ್ಲಿ ತೀರಿಸ್ತೀನಿ ಅಂದ್ರೆ ಸಾಮಾನ್ಯವಾಗಿ ಕೊಡ್ತಾರೆ, 34 ಡಾಲರ್ ಫೀ ಬಾಕಿಗೇ ಸೇರಿಸ್ತಾರೆ. ಕಂತು ಸಿಕ್ಕಿದ್ರೂ ಬಡ್ಡಿ ಮಾತ್ರ ನಿಲ್ಲಲ್ಲ, ಹಂಗಾಗಿ ಈಗ್ಲೇ ಕೈಲಾದಷ್ಟು ಕಟ್ಬಿಟ್ಟು ಉಳಿದಿದ್ದಕ್ಕೆ ಕೇಳೋದು ವಾಸಿ.

ಇನ್ನೊಂದು, ಮುಂದಿನ ವರ್ಷ ಮತ್ತೆ ಬಾಕಿ ಬಿದ್ರೆ ಅಗ್ರಿಮೆಂಟೇ ರದ್ದಾಗ್ಬಹುದು, ಸಂಬಳದಲ್ಲಿ ಸ್ಟೇಟ್ ಟ್ಯಾಕ್ಸ್ ಕಮ್ಮಿ ಹಿಡೀತಿದ್ರೆ ಆಫೀಸಲ್ಲಿ ಡಿಇ 4 ಫಾರಂ (ಎಷ್ಟು ಸ್ಟೇಟ್ ಟ್ಯಾಕ್ಸ್ ಹಿಡೀಬೇಕು ಅಂತ ತಿಳಿಸೋ ಫಾರಂ) ಹೊಸದಾಗಿ ತುಂಬಿ ಕೊಡಿ.