ಆ ಕಂದು ಕವರನ್ನು ಎಸೆಯಬೇಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರದ ಸಾರ ಇದು: “ಅಮ್ಮನಿಗೆ ಕೀಲುವಾತ. ಘಟ್ಟದ ಕೆಳಗಿನ ವೈದ್ಯರು ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಂದು, ಭಾನುವಾರ ಮಾತ್ರ ಅಂತ ಬರೆದಿದ್ದರು. ನಮ್ಮೂರಿನ ಮೆಡಿಕಲ್ ಶಾಪಿನವರು ಕವರಿನ ಮೇಲೆ ‘ದಿನಾ ರಾತ್ರಿ 1’ ಅಂತ ಬರೆದುಕೊಟ್ಟರು. ಅಮ್ಮ 16 ದಿನ ಹಾಗೇ ನುಂಗಿದರು. ಬಾಯಿ ತುಂಬ ಹುಣ್ಣು, ಜ್ವರ, 9 ದಿನ ಆಸ್ಪತ್ರೆ. ಇದಾಗಿ ಒಂದು ವರ್ಷ ಏಳು ತಿಂಗಳಾಯಿತು. ‘ದಿನಾ ಮುಖ ನೋಡೋರು, ಬಿಟ್ಟುಬಿಡು’ ಅಂತಾರೆ ಎಲ್ಲರೂ. ಬಿಡಬೇಕಾ?”

ಬಿಡಬೇಡಿ. ನಿಮ್ಮ ಪತ್ರ ಓದಿದ ಮೇಲೆ ನಾನು ಮೊದಲು ನೋಡಿದ್ದು ಕ್ಯಾಲೆಂಡರನ್ನು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಗಡುವು. ನಿಮಗೆ ಉಳಿದಿರುವುದು ಐದು ತಿಂಗಳು. ತಡವಾದರೆ ಕಾರಣ ಹೇಳಿ ಕೇಳಿಕೊಳ್ಳಬಹುದು, ಆದರೆ ಒಪ್ಪುವುದು ಬಿಡುವುದು ಅವರ ಕೈಯಲ್ಲಿ.

ಈ ಮಾತ್ರೆ ಜೀವಕೋಶಗಳು ಬೆಳೆಯುವುದನ್ನು ತಡೆಯುತ್ತದೆ. ವಾರಕ್ಕೊಮ್ಮೆ ಸ್ವಲ್ಪ ಕೊಟ್ಟರೆ ಕೀಲಿನ ಊತ ಇಳಿಯುತ್ತದೆ. ದಿನಾ ಕೊಟ್ಟರೆ ಬಾಯಿಯ ಒಳಪದರ, ಮೂಳೆಮಜ್ಜೆ ಮೊದಲು ಸೋಲುತ್ತವೆ, ಯಾಕೆಂದರೆ ಅಲ್ಲಿ ಹೊಸ ಕೋಶ ಹುಟ್ಟುತ್ತಲೇ ಇರಬೇಕು. ಬಿಳಿ ರಕ್ತಕಣ ಕುಸಿದು ಸೋಂಕು ಹತ್ತುತ್ತದೆ. ಇದೇ ತಪ್ಪಿನಿಂದ ಬೇರೆ ಬೇರೆ ದೇಶಗಳಲ್ಲಿ ಜನ ಸತ್ತಿದ್ದಾರೆ. ಔಷಧ ಮಾರುವವರಿಗೆ ಇದು ಗೊತ್ತಿರಲೇಬೇಕು.

ನೀವು ಕಳಿಸಿದ ಫೋಟೋಗಳನ್ನು ತುಂಬ ಹೊತ್ತು ನೋಡಿದೆ. ಕಂದು ಕವರು, ನೀಲಿ ಪೆನ್ನು, ‘ದಿನಾ’ ಅನ್ನುವುದರ ಕೆಳಗೆ ಎರಡು ಗೆರೆ. ವೈದ್ಯರ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದೆ. ನಿಮ್ಮಮ್ಮನಿಗೆ ಓದಲು ಬಂದದ್ದು ಆ ಒಂದು ಸಾಲು ಕನ್ನಡ ಮಾತ್ರ. ಅದನ್ನೇ ನಂಬಿದರು. ‘ಚೀಟಿ ಓದ್ಕೋಬೇಕಿತ್ತು’ ಅಂತ ನಾಳೆ ಅಂಗಡಿಯವರು ವಾದಿಸಿದರೆ ಇದೇ ಉತ್ತರ.

ಅದಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ಎರಡು ಬಿಲ್ಲು. ಮೊದಲ ದಿನ 10 ಮಾತ್ರೆ. ಹನ್ನೊಂದನೇ ದಿನ ಮತ್ತೆ 10. ವಾರಕ್ಕೊಂದಾದರೆ ಮೊದಲ ಪಟ್ಟಿಯೇ ಹತ್ತು ವಾರ ಬರಬೇಕಿತ್ತು, ಅಲ್ವಾ? ಎರಡನೇ ಸಲ ಕೊಡುವಾಗಲಾದರೂ ‘ಇಷ್ಟು ಬೇಗ ಯಾಕೆ’ ಅಂತ ಯಾರೂ ಕೇಳಲಿಲ್ಲ. ಈ ದಿನಾಂಕಗಳನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ.

ಇಂಥ ಕೇಸಿಗೆಲ್ಲ ದೊಡ್ಡ ಡಾಕ್ಟರ ಸಾಕ್ಷಿ ಬೇಕು ಅಂತ ಯಾರೋ ಹೆದರಿಸಿದ್ದಾರಂತೆ. ಪ್ರತಿ ಕೇಸಿಗೂ ತಜ್ಞರ ಸಾಕ್ಷ್ಯ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ, ವಿ. ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ತಪ್ಪು ಕಣ್ಣಿಗೆ ಹೊಡೆಯುವಂತಿದ್ದರೆ ಸಾಕು. ಆದರೂ ಅಮ್ಮನ ಆಸ್ಪತ್ರೆ ದಾಖಲೆ ಬೇಕೇ ಬೇಕು. ಬರೆದು ಕೇಳಿದ 72 ಗಂಟೆಯೊಳಗೆ ಕೊಡಬೇಕು ಅನ್ನುವುದು ವೈದ್ಯಕೀಯ ಮಂಡಳಿಯ 2002ರ ನಿಯಮ. ಡಿಸ್ಚಾರ್ಜ್ ಚೀಟಿ ಒಂದೇ ಸಾಲದು. ರಕ್ತಪರೀಕ್ಷೆಯ ವರದಿ ಎಲ್ಲವನ್ನೂ ಕೇಳಿ.

ಖರ್ಚಿನ ಭಯವೂ ಬೇಡ. ಶುಲ್ಕ ಲೆಕ್ಕ ಹಾಕುವುದು ನೀವು ಕೇಳುವ ಪರಿಹಾರದ ಮೇಲಲ್ಲ, ಔಷಧಕ್ಕೆ ಕೊಟ್ಟ ಹಣದ ಮೇಲೆ. ಅದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಶಿವಮೊಗ್ಗದ ಜಿಲ್ಲಾ ಆಯೋಗದಲ್ಲಿ ವಕೀಲರಿಲ್ಲದೆಯೂ ನೀವೇ ಮಾತಾಡಬಹುದು. ವಕೀಲರು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವಿದೆ, ಹಾಗಾಗಿ ಅರ್ಜಿ ಅಮ್ಮನ ಹೆಸರಲ್ಲೇ ಇರಲಿ. ಆಸ್ಪತ್ರೆ ಬಿಲ್ಲು, ಕಾರಿನ ಬಾಡಿಗೆ, ಅಡಿಕೆ ಕೊಯ್ಲಿನ ಹೊತ್ತಿಗೆ ನೀವು ಕಳೆದುಕೊಂಡ ದಿನಗಳು, ಅಮ್ಮ ಪಟ್ಟ ನೋವು, ಎಲ್ಲವನ್ನೂ ಸೇರಿಸಿ.

ಕೋಟಿ ರೂಪಾಯಿ ಸಿಗುತ್ತದೆ ಅಂತ ಮಾತ್ರ ಕಾಯಬೇಡಿ. ವೈದ್ಯರ ತಪ್ಪು ಚಿಕಿತ್ಸೆಯಿಂದ ತೀರಿಕೊಂಡ ಅನುರಾಧಾ ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸುಮಾರು 6 ಕೋಟಿ ಕೊಡಿಸಿದ್ದು ನಿಜ. ವಾರ, ಎರಡು ವಾರಕ್ಕೊಮ್ಮೆ ಕೊಡಬೇಕಾದ ಸ್ಟೀರಾಯ್ಡ್ ಇಂಜೆಕ್ಷನ್ನನ್ನು ದಿನಕ್ಕೆರಡು ಸಲ ಬರೆದಿದ್ದರು. ಆಕೆ ತೀರಿಕೊಂಡದ್ದು 1998ರಲ್ಲಿ, ಆ ಮೊತ್ತ ತೀರ್ಮಾನವಾದದ್ದು 2013ರಲ್ಲಿ.

ಔಷಧ ನಿಯಂತ್ರಣ ಅಧಿಕಾರಿಗಳಿಗೂ ಒಂದು ದೂರು ಕೊಡಿ. ಆ ಹೊತ್ತು ಅಂಗಡಿಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇದ್ದರಾ? ಕೇಳಲೇಬೇಕಾದ ಪ್ರಶ್ನೆ ಇದು.

ಇನ್ನು ಮುಖ ನೋಡುವ ವಿಷಯ. ನಮ್ಮ ಮನೆಯಲ್ಲೂ ಹೀಗಾಗಿತ್ತು. ಸಾಗರದಲ್ಲಿದ್ದ ನನ್ನ ಚಿಕ್ಕಮ್ಮನಿಗೆ ಒಂದು ಅಂಗಡಿಯವರು ಬೇರೆ ಯಾವುದೋ ಮಾತ್ರೆ ಕೊಟ್ಟಿದ್ದರು. ನಾವು ಕೇಳಲು ಹೋಗುವಷ್ಟರಲ್ಲಿ ಕವರು, ಬಿಲ್ಲು ಎರಡೂ ಬಚ್ಚಲು ಒಲೆ ಸೇರಿದ್ದವು. ‘ಹೋಗ್ಲಿ ಬಿಡಿ’ ಅಂದರು ಚಿಕ್ಕಮ್ಮ. ಮುಂದೆ ಎಷ್ಟೋ ವರ್ಷ ಯಾವ ಮಾತ್ರೆ ನುಂಗುವಾಗಲೂ ಅವರ ಕೈ ನಡುಗುತ್ತಿತ್ತು. ಅಂಗಡಿಯವರ ಜೊತೆ ಜಗಳ ಬೇಡ. ಮೊದಲು ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ, ಅದರ ರಸೀದಿ ಇಟ್ಟುಕೊಳ್ಳಿ.

ನಿಮ್ಮ ಎರಡನೇ ಬಿಲ್ಲು ಆಗಲೇ ಮಾಸಿದ ಹಾಗೆ ಕಾಣುತ್ತಿದೆ. ನಮ್ಮ ಕಡೆ ಶೀತಕ್ಕೆ ಅಂಥ ಕಾಗದ ಜಾಸ್ತಿ ದಿನ ನಿಲ್ಲುವುದಿಲ್ಲ. ಇವತ್ತೇ ಜೆರಾಕ್ಸ್ ಮಾಡಿಸಿ, ಮೂಲವನ್ನು ಕವರಿನ ಜೊತೆ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಬೀರುವಿನಲ್ಲಿಡಿ. ಅಮ್ಮ ಈಗ ಹೇಗಿದ್ದಾರೆ ಅಂತ ಪತ್ರದಲ್ಲಿ ಬರೆದಿಲ್ಲ. ಅದನ್ನೂ ತಿಳಿಸಿ.