ಡಕ್ಟೆಡ್ ಫ್ಯಾನ್ ಅದುರುತ್ತಿದೆಯೇ? ತೂಕ ಅಂಟಿಸುವ ಮೊದಲು ಅಡಾಪ್ಟರ್ ನೋಡಿ

ಮಾದರಿ ವಿಮಾನಗಳ ವಿದ್ಯುತ್ ಡಕ್ಟೆಡ್ ಫ್ಯಾನ್ (ಕೊಳವೆಯಂಥ ಹೊದಿಕೆಯೊಳಗೆ ತಿರುಗಿ ವಿಮಾನವನ್ನು ನೂಕುವ ಫ್ಯಾನ್) ಕುರಿತು ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ದೂರಿನ, ಅಂದರೆ ಫ್ಯಾನ್ ಅದುರುತ್ತದೆ ಎಂಬುದರ, ಬೇರೆ ಬೇರೆ ರೂಪಗಳು. ತೂಕ ಅಂಟಿಸಿದರೆ ಸಾಕೆಂಬ ಅದೇ ತಪ್ಪು ಸಲಹೆಯನ್ನು ನಂಬಿ, ಅದೇ ಜಾಗದಲ್ಲಿ ಎಡವಿ, ಕೊನೆಗೆ ಬೇರಿಂಗ್ ಹಾಳಾದ ಮೇಲೆ ಬರೆಯುವವರು ಹೆಚ್ಚುತ್ತಿರುವುದರಿಂದ ಈ ಸಲ ಆ ಒಂದು ಪ್ರಶ್ನೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಮೋಟರಿನ ತಂತಿಗಳನ್ನು ಹೇಗೆ ಜೋಡಿಸಬೇಕು, ಇಎಸ್‌ಸಿಗೆ (ಮೋಟರಿನ ವೇಗ ನಿಯಂತ್ರಿಸುವ ಸಾಧನಕ್ಕೆ) ಥ್ರಾಟಲ್ ಅಳತೆಯನ್ನು ಹೇಗೆ ಕಲಿಸಬೇಕು ಎಂಬುದೆಲ್ಲ ಪೆಟ್ಟಿಗೆಯೊಳಗಿನ ಹಾಳೆಯಲ್ಲೇ ಇರುತ್ತದೆ. ಅದನ್ನು ಓದಿಕೊಂಡು ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನದು 70 ಮಿ.ಮೀ. ಅಳತೆಯ, 12 ಎಲೆಗಳ ಫ್ಯಾನ್. ರೋಟರನ್ನು (ಎಲೆಗಳಿರುವ ತಿರುಗುವ ಭಾಗವನ್ನು) ಅಯಸ್ಕಾಂತದ ಬ್ಯಾಲೆನ್ಸರ್ ಮೇಲೆ ಇಟ್ಟು, ಯಾವ ಕಡೆಗೂ ವಾಲದಂತೆ ಟೇಪ್ ಅಂಟಿಸಿ ಸರಿಮಾಡಿದೆ. ಆದರೂ ಅರ್ಧ ಥ್ರಾಟಲ್ ದಾಟಿದ ಕೂಡಲೇ ಕಿರುಚುತ್ತದೆ, ಹೌಸಿಂಗ್ (ಹೊರ ಹೊದಿಕೆ) ಕೈಗೆ ಜುಮ್ಮೆನ್ನುವಷ್ಟು ಅದುರುತ್ತದೆ. ಇನ್ನೆಷ್ಟು ಟೇಪ್ ಅಂಟಿಸಬೇಕು?

ಉತ್ತರ: ಮೊದಲು ಆ ಟೇಪನ್ನು ಕಿತ್ತುಹಾಕಿ. ಈ ಅಳತೆಯ ಫ್ಯಾನ್ ನಿಮಿಷಕ್ಕೆ 36,000 ಸುತ್ತು ತಿರುಗುವಾಗ, ಅಂದರೆ ಸೆಕೆಂಡಿಗೆ 600 ಸುತ್ತು ಹಾಕುವಾಗ, ಕೇಂದ್ರದಿಂದ 30 ಮಿ.ಮೀ. ದೂರದಲ್ಲಿ ಅಂಟಿರುವ 0.1 ಗ್ರಾಂ ತೂಕದ ಟೇಪ್ ಚೂರು ನಾಲ್ಕು ಕಿಲೊಗಿಂತ ಹೆಚ್ಚಿನ ಭಾರದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಅಷ್ಟು ಬಲವನ್ನು ತಡೆದು ಹಿಡಿಯುವ ಟೇಪನ್ನು ನಾನು ನೋಡಿಲ್ಲ. ನಿಮ್ಮ ಟೇಪ್ ಮೊದಲ ಓಟದಲ್ಲೇ ಹಾರಿಹೋಗಿರಬಹುದು ಅಥವಾ ಎಲೆಯ ಮೇಲೆ ಜಾರಿ ನಿಂತಿರಬಹುದು, ಎರಡರಲ್ಲಿ ಯಾವುದಾದರೂ ನಿಮ್ಮ ಶ್ರಮವೆಲ್ಲ ಅಲ್ಲಿಗೆ ಮುಗಿಯಿತು.

ಆದರೆ ಟೇಪ್ ಇಲ್ಲಿ ಚಿಕ್ಕ ತಪ್ಪು. ದೊಡ್ಡ ತಪ್ಪು, ರೋಟರಿನ ಸಮತೋಲವೇ ಫ್ಯಾನಿನ ಸಮತೋಲ ಎಂದು ನಂಬಿದ್ದು. ಬ್ಯಾಲೆನ್ಸರ್ ಮೇಲೆ ರೋಟರ್ ತಿರುಗುವುದು ಬ್ಯಾಲೆನ್ಸರಿನ ಕಡ್ಡಿಯ ಸುತ್ತ, ವಿಮಾನದಲ್ಲಿ ತಿರುಗುವುದು ಮೋಟರ್ ಶಾಫ್ಟಿಗೆ ಬಿಗಿದ ಅಡಾಪ್ಟರಿನ ಸುತ್ತ. ಈ ಎರಡು ಕೇಂದ್ರಗಳು ಒಂದೇ ಆಗಿರಬೇಕೆಂಬ ನಿಯಮವೇನಿಲ್ಲ. 25 ಗ್ರಾಂ ತೂಕದ ರೋಟರ್ ಶಾಫ್ಟಿನ ನಡುವಿನಿಂದ ಕೇವಲ 0.05 ಮಿ.ಮೀ., ಅಂದರೆ ಒಂದು ಕಾಗದದ ಅರ್ಧ ದಪ್ಪದಷ್ಟು, ಪಕ್ಕಕ್ಕೆ ಕೂತರೂ ಸಾಕು, 36,000 ಸುತ್ತಿನಲ್ಲಿ ಅದು ಸುಮಾರು 1.8 ಕಿಲೊ ಭಾರದಷ್ಟು ಬಲವಾಗಿ ಬೇರಿಂಗನ್ನು ಸೆಕೆಂಡಿಗೆ 600 ಸಲ ಸುತ್ತಲೂ ಜಗ್ಗುತ್ತದೆ. ಆ ರೋಟರ್ ಬ್ಯಾಲೆನ್ಸರಿನ ಮೇಲೆ ಎಷ್ಟು ನಿಶ್ಚಲವಾಗಿ ನಿಂತಿದ್ದರೂ ಈ ದೋಷ ಅಲ್ಲಿ ಕಾಣುವುದೇ ಇಲ್ಲ, ಏಕೆಂದರೆ ದೋಷ ಇರುವುದು ರೋಟರಿನಲ್ಲಿ ಅಲ್ಲ, ಅದು ಕೂತ ಜಾಗದಲ್ಲಿ.

ಹಾಗಾಗಿ ಎಲ್ಲವನ್ನೂ ಬಿಚ್ಚಿ, ಬರಿಯ ಮೋಟರಿನಿಂದ ಆರಂಭಿಸಿ. ಬರಿಯ ಮೋಟರ್ ಕಡಿಮೆ ಥ್ರಾಟಲ್‌ನಲ್ಲಿ ಕೆಲವು ಸೆಕೆಂಡು ಓಡಿದಾಗಲೇ ಕೈಗೆ ಕಂಪನ ತಿಳಿದರೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ. ಶಾಫ್ಟ್ ಬಾಗಿದೆ ಅಥವಾ ಬೇರಿಂಗ್ ಸವೆದಿದೆ. ಮೋಟರ್ ಸರಿಯಿದ್ದರೆ ಅಡಾಪ್ಟರ್ ಹಾಕಿ, ಅದರ ಹೊರಮೈಗೆ ಡಯಲ್ ಗೇಜಿನ (ಸಣ್ಣ ಏರಿಳಿತ ಅಳೆಯುವ ಮುಳ್ಳಿನ ಮಾಪಕದ) ತುದಿಯನ್ನು ತಾಗಿಸಿ, ಶಾಫ್ಟನ್ನು ಬೆರಳಿನಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಗೇಜಿನಲ್ಲಿ ಕಾಣುವ ಒಟ್ಟು ಏರಿಳಿತ ನಿಜವಾದ ಸರಿತದ (ಕೇಂದ್ರ ಪಕ್ಕಕ್ಕೆ ಸರಿದ ದೂರದ) ಎರಡರಷ್ಟು ಎಂಬುದನ್ನು ಮರೆಯಬೇಡಿ, ಅಂದರೆ ಮುಳ್ಳು 0.1 ಮಿ.ಮೀ. ಆಡಿದರೆ ನಾನು ಮೇಲೆ ಹೇಳಿದ 0.05 ಮಿ.ಮೀ. ಸರಿತ ಅದೇ. ನನ್ನ ಮೇಜಿನ ಮೇಲೆ ಮುಳ್ಳು 0.03 ದಾಟಿದ ಅಡಾಪ್ಟರನ್ನು ನಾನು ಮುಂದಕ್ಕೆ ಬಿಡುವುದಿಲ್ಲ.

ಅಡಾಪ್ಟರ್ ಓಲಾಡುವುದಕ್ಕೆ ಕಾರಣ ಹೆಚ್ಚಾಗಿ ಗ್ರಬ್ ಸ್ಕ್ರೂ, ಅಂದರೆ ಅಡಾಪ್ಟರಿನ ಪಕ್ಕದಿಂದ ಶಾಫ್ಟಿಗೆ ಒತ್ತುವ ತಲೆಯಿಲ್ಲದ ಸ್ಕ್ರೂ. ರಂಧ್ರ ಶಾಫ್ಟಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿದ್ದರೂ, ಒಂದು ಪಕ್ಕದ ಸ್ಕ್ರೂವನ್ನು ಮೊದಲೇ ಪೂರ್ತಿ ಬಿಗಿದುಬಿಟ್ಟರೆ ಅಡಾಪ್ಟರ್ ಆ ಸಂದಿನಷ್ಟೂ ಒಂದು ಕಡೆಗೆ ತಳ್ಳಲ್ಪಡುತ್ತದೆ. ಎರಡು ಸ್ಕ್ರೂಗಳಿದ್ದರೆ ಕಾಲು ಸುತ್ತು ಇದಕ್ಕೆ, ಕಾಲು ಸುತ್ತು ಅದಕ್ಕೆ ಎಂಬಂತೆ ಬಿಗಿಯುತ್ತ, ಪ್ರತಿ ಸಲವೂ ಗೇಜ್ ನೋಡಬೇಕು. ಸ್ಕ್ರೂ ಕೂರುವ ಕಡೆ ಶಾಫ್ಟಿನ ಮೇಲೆ ಹಳೆಯ ಸ್ಕ್ರೂ ಎಬ್ಬಿಸಿದ ಲೋಹದ ಏಣು ಇದ್ದರೆ ಅದನ್ನು ಅರದಿಂದ ಮಟ್ಟ ಮಾಡದೆ ಹೊಸ ಅಡಾಪ್ಟರನ್ನು ತೂರಿಸಲೇಬಾರದು. ಬೆರಳ ಉಗುರನ್ನು ಶಾಫ್ಟಿನ ಉದ್ದಕ್ಕೂ ಎಳೆದರೆ ಆ ಏಣು ತಡೆಯುವುದು ಗೊತ್ತಾಗುತ್ತದೆ. ಶಾಫ್ಟನ್ನು ಸುತ್ತಲೂ ಸಮನಾಗಿ ಹಿಡಿಯುವ ಕಾಲೆಟ್ ಮಾದರಿಯ ಅಡಾಪ್ಟರ್ ಸಿಕ್ಕರೆ ಈ ತಲೆನೋವು ಬಹುಮಟ್ಟಿಗೆ ಇಲ್ಲ.

ಇದಾದ ಮೇಲೆ ರೋಟರ್ ಹಾಕಿ. ಹಾಕುವ ಮೊದಲು ಶಾಫ್ಟ್, ಅಡಾಪ್ಟರ್, ರೋಟರ್, ಸ್ಪಿನ್ನರ್ (ರೋಟರಿನ ಮೂತಿಯ ಮುಚ್ಚಳ) ನಾಲ್ಕರ ಮೇಲೂ ಒಂದೇ ಗೆರೆಯಲ್ಲಿ ಗುರುತು ಮಾಡಿಕೊಳ್ಳಿ. ಈ ಗುರುತಿಲ್ಲದೆ ಮಾಡಿದ ಸಮತೋಲ ಮುಂದೊಮ್ಮೆ ಬಿಚ್ಚಿದ ದಿನವೇ ಕೆಟ್ಟುಹೋಗುತ್ತದೆ. ಕಾರ್ಖಾನೆಯಲ್ಲೇ ಮೋಟರ್ ಸಹಿತ ಬ್ಯಾಲೆನ್ಸ್ ಮಾಡಿದ ಫ್ಯಾನನ್ನು ಕುತೂಹಲಕ್ಕೆಂದು ಬಿಚ್ಚಿ, ಮನಬಂದಂತೆ ಜೋಡಿಸಿ, ಆಮೇಲೆ ತಯಾರಕರನ್ನು ದೂರುವವರ ಬಗ್ಗೆ ನನಗೆ ಸಹಾನುಭೂತಿ ಇಲ್ಲ. ರೋಟರ್ ಹಾಕಿದ ಮೇಲೂ ಕಂಪನ ಇದ್ದರೆ, ಅಡಾಪ್ಟರಿನ ಮೇಲೆ ರೋಟರನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿಯಿರಿ. ಕಂಪನ ಗಣನೀಯವಾಗಿ ಇಳಿದರೆ ಅಡಾಪ್ಟರಿನ ದೋಷವೂ ರೋಟರಿನ ದೋಷವೂ ಈಗ ಒಂದನ್ನೊಂದು ಕಳೆಯುತ್ತಿವೆ ಎಂದರ್ಥ, ಆ ಸ್ಥಾನವನ್ನೇ ಇಟ್ಟುಕೊಂಡು ಹೊಸ ಗುರುತು ಹಾಕಿಕೊಳ್ಳಿ. ಒಂದು ಮಿಲಿಗ್ರಾಂ ತೂಕವನ್ನೂ ಸೇರಿಸದೆ ಬಗೆಹರಿದ ಫ್ಯಾನ್‌ಗಳನ್ನು ನಾನು ಬಹಳ ನೋಡಿದ್ದೇನೆ.

ತೂಕ ಸೇರಿಸುವ ಮಾತು ಇಷ್ಟೆಲ್ಲ ಆದ ಮೇಲೆ ಬರುತ್ತದೆ. ಅದಕ್ಕೆ ಫ್ಯಾನ್ ಓಡುತ್ತಿರುವಾಗಲೇ ಅಳೆಯಬೇಕು. ಹೌಸಿಂಗನ್ನು ದಪ್ಪ ಸ್ಪಂಜಿನ ಮೇಲೆ, ಅತ್ತಿತ್ತ ಅಲುಗಲು ಬಿಡುವಂತೆ ಆದರೆ ಹಾರಿಹೋಗದಂತೆ, ಪಟ್ಟಿಯಿಂದ ಕಟ್ಟಿ. ಹೌಸಿಂಗಿನ ಮೇಲೆ ಕನ್ನಡಿಯ ಸಣ್ಣ ಚೂರೊಂದನ್ನು ಅಂಟಿಸಿ, ಅದರ ಮೇಲೆ ಲೇಸರ್ ಬಿಟ್ಟು, ಪ್ರತಿಫಲಿಸಿದ ಚುಕ್ಕೆ ಐದು ಮೀಟರ್ ದೂರದ ಗೋಡೆಯ ಮೇಲೆ ಬೀಳುವಂತೆ ಮಾಡಿ. ಫ್ಯಾನ್ ನಿಂತಿದ್ದಾಗ ಚುಕ್ಕೆಯಾಗಿದ್ದದ್ದು ಓಡುವಾಗ ಗೆರೆಯಾಗಿ ಹಿಗ್ಗುತ್ತದೆ, ಆ ಗೆರೆಯ ಉದ್ದವೇ ನಿಮ್ಮ ಅಳತೆ. ವೇಗ ಸುಮಾರು 10,000 ಸುತ್ತು ಸಾಕು, ಆದರೆ ಪ್ರತಿ ಓಟದಲ್ಲೂ ಅದೇ ವೇಗ ಇರಬೇಕು, ಅದನ್ನು ಟ್ಯಾಕೊಮೀಟರಿನಿಂದ ನೋಡಿಕೊಳ್ಳಬೇಕು.

0.5 ಗ್ರಾಂ ತೂಗುವ ಬೆಸುಗೆ ತಂತಿಯನ್ನು 10 ಸಮ ತುಂಡುಗಳಾಗಿ ಕತ್ತರಿಸಿದರೆ ಒಂದೊಂದೂ 50 ಮಿಲಿಗ್ರಾಂ ಆಗುತ್ತದೆ. ಮೊದಲು ಯಾವ ತೂಕವೂ ಇಲ್ಲದೆ ಗೆರೆ ಅಳೆಯಿರಿ, 6 ಮಿ.ಮೀ. ಬಂತೆನ್ನಿ. ಬಳಿಕ ರೋಟರಿನ ಗುಂಬಿನ (ಎಲೆಗಳು ಕೂಡುವ ನಡುಭಾಗದ) ಒಳಗೋಡೆಯಲ್ಲಿ 120 ಡಿಗ್ರಿಗೊಂದರಂತೆ ಮೂರು ಜಾಗ ಗುರುತಿಸಿ, ಒಂದು ತುಂಡನ್ನು ಒಂದೊಂದೇ ಜಾಗಕ್ಕೆ ಬದಲಿಸುತ್ತ ಮೂರು ಸಲ ಓಡಿಸಿ. ಗೆರೆಗಳು 2.6, 7.8 ಮತ್ತು 9.4 ಮಿ.ಮೀ. ಬಂದವು ಎಂದುಕೊಳ್ಳೋಣ. ಈಗ ಕಾಗದದ ಮೇಲೆ 6ರ ತ್ರಿಜ್ಯದ ವೃತ್ತ ಬರೆದು, ಅದರ ಮೇಲೆ ಅದೇ ಮೂರು ಜಾಗಗಳನ್ನು ಗುರುತಿಸಿ, ಮೊದಲನೆಯದರಿಂದ 2.6, ಎರಡನೆಯದರಿಂದ 7.8, ಮೂರನೆಯದರಿಂದ 9.4 ತ್ರಿಜ್ಯದ ಕಂಸಗಳನ್ನು ಎಳೆಯಿರಿ. ಮೂರೂ ಕಂಸಗಳು ಕೂಡುವ ಬಿಂದು ವೃತ್ತದ ಕೇಂದ್ರದಿಂದ 4 ದೂರದಲ್ಲಿ, ಮೊದಲ ಗುರುತಿನಿಂದ ಎರಡನೆಯದರ ಕಡೆಗೆ 20 ಡಿಗ್ರಿ ಸರಿದು ಬರುತ್ತದೆ. ತೂಕ ಕೂರಬೇಕಾದ ದಿಕ್ಕು ಅದೇ. ಬೇಕಾದ ತೂಕ, 50ನ್ನು 6ರಿಂದ ಗುಣಿಸಿ 4ರಿಂದ ಭಾಗಿಸಿದಷ್ಟು, ಅಂದರೆ 75 ಮಿಲಿಗ್ರಾಂ. ಇಲ್ಲಿ ಊಹೆಗೆ ಎಡೆಯಿಲ್ಲ, ನಾಲ್ಕು ಓಟಗಳಲ್ಲಿ ಉತ್ತರ ಸಿಗುತ್ತದೆ. ಕಂಸಗಳು ಒಂದೆಡೆ ಕೂಡದೆ ದೂರ ದೂರ ಹಾದುಹೋದರೆ ವೇಗ ಏರುಪೇರಾಗಿದೆ ಅಥವಾ ಯಾವುದೋ ಸ್ಕ್ರೂ ಸಡಿಲವಿದೆ, ಅಂಥ ಅಳತೆಯನ್ನು ಬಿಸಾಡಿ ಮೊದಲಿನಿಂದ ಮಾಡಿ.

ತೂಕವನ್ನು ಎಪಾಕ್ಸಿಯಿಂದ, ಸ್ಪಿನ್ನರಿನ ಅಡಿಯಲ್ಲಿ ಬರುವ ಗುಂಬಿನ ಒಳಗೋಡೆಗೇ ಅಂಟಿಸಬೇಕು. ಅಲ್ಲಿ ತಿರುಗುವಿಕೆಯ ಬಲ ತೂಕವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಹೊರಮೈಗೆ ಅಂಟಿಸಿದರೆ ಅದೇ ಬಲ ಅದನ್ನು ಕಿತ್ತು ಎಸೆಯುತ್ತದೆ. ಪ್ರಯೋಗದ ತುಂಡನ್ನು ಹಿಡಿದಿಡಲು 10,000 ಸುತ್ತಿನ ಮಟ್ಟಿಗೆ ಒಳಗೋಡೆಯ ಮೇಲೆ ಟೇಪ್ ನಡೆಯುತ್ತದೆ, ಆದರೆ ಪ್ರತಿ ಸಲವೂ ಅಷ್ಟೇ ಉದ್ದದ ಟೇಪ್ ಇರಬೇಕು, ಏಕೆಂದರೆ ಅದಕ್ಕೂ ತೂಕವಿದೆ. ಕೊನೆಯಲ್ಲಿ ಸ್ಪಿನ್ನರ್ ಹಾಕಿ ಇನ್ನೊಮ್ಮೆ ಅಳೆಯಿರಿ. ಓರೆಯಾಗಿ ಕೂತ ಸ್ಪಿನ್ನರ್ ಇಷ್ಟು ಹೊತ್ತಿನ ಕೆಲಸವನ್ನೆಲ್ಲ ಒಂದೇ ಏಟಿಗೆ ಕೆಡಿಸಬಲ್ಲದು.

ಪ್ರಶ್ನೆ: ಮೊಬೈಲನ್ನು ಫ್ಯಾನಿನ ಪಕ್ಕದಲ್ಲಿಟ್ಟು ಕಂಪನ ತೋರಿಸುವ ಆ್ಯಪ್‌ನಿಂದ ಬ್ಯಾಲೆನ್ಸ್ ಮಾಡಬಹುದೇ?

ಉತ್ತರ: ಪೂರ್ಣ ವೇಗದಲ್ಲಿ ಸಾಧ್ಯವಿಲ್ಲ. ಮೊಬೈಲಿನ ಕಂಪನ ಸಂವೇದಕ ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಅಳೆಯುತ್ತದೆ, ಸೆಕೆಂಡಿಗೆ 600 ಸಲ ಆಗುವ ಕಂಪನವನ್ನು ಹಿಡಿಯಲು ಕನಿಷ್ಠ 1,200ಕ್ಕಿಂತ ಹೆಚ್ಚು ಸಲ ಅಳೆಯಬೇಕು. ಪರದೆಯ ಮೇಲೆ ಕಾಣುವ ಸುಂದರ ಅಲೆ ನಿಮ್ಮ ಮೇಜಿನದ್ದಾಗಿರಬಹುದು, ಫ್ಯಾನಿನದ್ದಲ್ಲ.

ಪ್ರಶ್ನೆ: ಹೊಸ ಫ್ಯಾನ್ ಅದುರಿದರೆ ಪೂರ್ಣ ಥ್ರಾಟಲ್‌ನಲ್ಲಿ ಹತ್ತು ನಿಮಿಷ ಓಡಿಸಿ, ತಾನಾಗಿಯೇ ಪಳಗುತ್ತದೆ ಎಂದು ಅನುಭವಿಗಳೊಬ್ಬರು ಹೇಳಿದರು. ಹಾಗೆ ಮಾಡಲೇ?

ಉತ್ತರ: ಖಂಡಿತ ಮಾಡಬೇಡಿ. ಅಸಮತೋಲ ಓಡಿಸಿದಷ್ಟಕ್ಕೆ ಕರಗಿಹೋಗುವಂಥದ್ದಲ್ಲ. ಹತ್ತು ನಿಮಿಷದ ಬಳಿಕ ಸದ್ದು ಬದಲಾಗಿದ್ದರೆ ಬೇರಿಂಗ್ ಸವೆದು ಸಡಿಲಾಗಿದೆ ಎಂದರ್ಥ. ಎಲೆ ಮುರಿದು ಹಾರಬಹುದು, ಹಾಗಾಗಿ ಈ ಸಲಹೆ ಕೊಡುವವರು ಇನ್ನೊಬ್ಬರ ಕಣ್ಣಿನ ಜೊತೆ ಆಟವಾಡುತ್ತಿದ್ದಾರೆ ಎಂದು ನಾನು ಹೊಣೆಯರಿತು ಹೇಳುತ್ತೇನೆ.

ಪ್ರಶ್ನೆ: ಒಂದು ಎಲೆಯ ಬುಡದಲ್ಲಿ ಬಿಳಿಯ ಗೆರೆ ಕಾಣುತ್ತಿದೆ. ಸೈನೊ ಅಂಟು (ಕ್ಷಣದಲ್ಲಿ ಹಿಡಿಯುವ ಅಂಟು) ಹಾಕಿ ಬಳಸಬಹುದೇ? ಹೌಸಿಂಗಿಗೆ ಉಜ್ಜುತ್ತಿರುವ ಇನ್ನೊಂದು ಎಲೆಯ ತುದಿಯನ್ನು ಅರಕಾಗದದಿಂದ ತಿಕ್ಕಿದರೆ ಸಾಕೇ?

ಉತ್ತರ: ಎರಡಕ್ಕೂ ಇಲ್ಲ. ಬಿಳಿಯ ಗೆರೆ ಎಂದರೆ ಪ್ಲಾಸ್ಟಿಕ್ ಆಗಲೇ ಬಾಗಿ ಸೋತಿದೆ. ಎಲೆಯ ತುದಿ ಸೆಕೆಂಡಿಗೆ ಸುಮಾರು 128 ಮೀಟರ್ ವೇಗದಲ್ಲಿ ಓಡುತ್ತಿರುವಾಗ ಅಂಟಿನ ಮೇಲೆ ಭರವಸೆ ಇಡುವಂತಿಲ್ಲ. ಹಲವು ವರ್ಷಗಳ ಹಿಂದೆ ನನ್ನ ಬೆಂಚಿನ ಮೇಲೆ ಇಂಥದೇ ಎಲೆಯೊಂದು ಮುರಿದು, ಹೌಸಿಂಗನ್ನು ಸೀಳಿ, ಎದುರಿನ ಮರದ ಬಾಗಿಲಿಗೆ ನಾಟಿತ್ತು. ಅದನ್ನು ಇಕ್ಕಳ ಹಿಡಿದು ಎಳೆಯಬೇಕಾಯಿತು. ನಾನು ಆಗ ರೋಟರಿನ ನೇರಕ್ಕೆ ನಿಂತಿರಲಿಲ್ಲ, ಅಷ್ಟೆ. ಅಂದಿನಿಂದ ಕನ್ನಡಕ ಹಾಕದೆಯಾಗಲಿ, ರೋಟರ್ ತಿರುಗುವ ಪಾತಳಿಯ ನೇರದಲ್ಲಿ ಯಾರಾದರೂ ನಿಂತಿರುವಾಗಲಾಗಲಿ, ನಾನು ಯಾವ ಫ್ಯಾನನ್ನೂ ಚಾಲೂ ಮಾಡಿಲ್ಲ. ಆ ರೋಟರನ್ನು ಎಸೆದುಬಿಡಿ. ಬೇರೊಬ್ಬರು ಎತ್ತಿಕೊಂಡು ಬಳಸದಂತೆ ಎಲೆಗಳನ್ನು ಕತ್ತರಿಸಿಯೇ ಎಸೆಯಿರಿ.

ತುದಿ ಉಜ್ಜುವ ವಿಷಯ ಬೇರೆ. ಅಲ್ಲಿ ತಪ್ಪು ಹೆಚ್ಚಾಗಿ ಎಲೆಯದ್ದಲ್ಲ, ಮೋಟರ್ ಹೌಸಿಂಗಿನ ನಡುವೆ ಕೂತಿಲ್ಲ. ಸಾಮಾನ್ಯ ಕಾಗದ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಮೂರು ನಾಲ್ಕು ಪದರದ ಕಾಗದದ ಪಟ್ಟಿಯನ್ನು ಎಲೆಯ ತುದಿಗೂ ಗೋಡೆಗೂ ನಡುವೆ ಸುತ್ತಲೂ ಆಡಿಸಿ ನೋಡಿದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ತಿಳಿಯುತ್ತದೆ. ಮೋಟರಿನ ಸ್ಕ್ರೂಗಳನ್ನು ಸಡಿಲಿಸಿ, ಪಟ್ಟಿಗಳು ಸುತ್ತಲೂ ಇರುವಾಗಲೇ, ಎದುರೆದುರು ಸ್ಕ್ರೂಗಳನ್ನು ಸರದಿಯಲ್ಲಿ ಬಿಗಿಯಿರಿ. ಸ್ಕ್ರೂ ಸಡಿಲಾಗದಂತೆ ಹಾಕುವ ಅಂಟು ಲೋಹಕ್ಕೆ ಲೋಹ ಕೂಡುವ ಕಡೆ ಮಾತ್ರ, ಅದೂ ಒಂದೇ ಹನಿ. ಕೆಲವು ಬಗೆಯ ಪ್ಲಾಸ್ಟಿಕ್ ಆ ಅಂಟು ತಾಗಿದರೆ ಬಿರುಕು ಬಿಡುತ್ತದೆ. ಎಲೆಯನ್ನು ತಿಕ್ಕಿದರೆ ಒಂದು ಕಡೆಯ ಸಂದು ಹಿಗ್ಗಿ ಒತ್ತಡ ಸೋರುತ್ತದೆ, ಜೊತೆಗೆ ಹೊಸ ಅಸಮತೋಲವೂ ಹುಟ್ಟುತ್ತದೆ.

ಪ್ರಶ್ನೆ: ಎಲೆಗಳು ಹೆಚ್ಚಿದಷ್ಟೂ ನೂಕುಬಲ ಹೆಚ್ಚುತ್ತದೆಯೇ?

ಉತ್ತರ: ಇಲ್ಲ, ಸದ್ದಿನ ಬಗೆ ಬದಲಾಗುತ್ತದೆ. ನೂಕುಬಲ ನೀವು ಕೊಡುವ ವಿದ್ಯುತ್ತಿಗೂ ಫ್ಯಾನಿನ ಒಟ್ಟು ವಿನ್ಯಾಸಕ್ಕೂ ಸೇರಿದ್ದು.

ಪ್ರಶ್ನೆ: ಬೆಂಚಿನ ಮೇಲೆ ನೂಕುಬಲ ಹೇಳಿದ್ದಕ್ಕಿಂತ ಕಡಿಮೆ ಬರುತ್ತಿದೆ. ಫ್ಯಾನ್ ನಕಲಿಯೇ?

ಉತ್ತರ: ಗಾಳಿ ಒಳಬರುವ ಬಾಯಿಗೆ ದುಂಡನೆಯ ಅಂಚುಪಟ್ಟಿ ಹಾಕದೆ ಅಳೆದಿದ್ದೀರಿ ಎಂದು ನನಗನ್ನಿಸುತ್ತದೆ. ಅದನ್ನು ಹಾಕಿ ಮತ್ತೆ ಅಳೆಯಿರಿ, ಬ್ಯಾಟರಿಯ ವೋಲ್ಟೇಜನ್ನೂ ಓಡುವಾಗಲೇ ನೋಡಿ.

ಪ್ರಶ್ನೆ: ಇಎಸ್‌ಸಿಯಲ್ಲಿ ಬ್ರೇಕ್ ಇಡಬೇಕೇ?

ಉತ್ತರ: ಬೇಡ. ಭಾರವಾದ ರೋಟರ್ ವೇಗದಲ್ಲಿರುವಾಗ ಶಾಫ್ಟನ್ನು ಥಟ್ಟನೆ ಹಿಡಿದರೆ ರೋಟರಿನ ನಟ್ಟು ಸಡಿಲಾಗಬಹುದು, ಅಡಾಪ್ಟರ್ ಶಾಫ್ಟಿನ ಮೇಲೆ ಜಾರಬಹುದು. ಬ್ರೇಕ್ ತೆಗೆದು, ನಿಧಾನವಾಗಿ ಆರಂಭವಾಗುವ ಆಯ್ಕೆಯನ್ನು ಇಟ್ಟುಕೊಳ್ಳಿ. ಈಗಾಗಲೇ ಬ್ರೇಕ್ ಇಟ್ಟು ಹಾರಿಸಿದ್ದರೆ, ಮುಂದಿನ ಹಾರಾಟಕ್ಕೆ ಮೊದಲು ಸ್ಪಿನ್ನರ್ ಬಿಚ್ಚಿ, ನಾಲ್ಕು ಗುರುತುಗಳೂ ಇನ್ನೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡಿ.