ಕೋವಿಡ್ ದುಡ್ಡಲ್ಲಿ ಮನೆ ಚಾವಣಿ ಹಾಕಿಸೋದಾ?

ಪ್ರಶ್ನೆ: ನಾನಿರೋದು ಮಿಷಿಗನ್‌ನ ಟ್ರಾಯ್‌ನಲ್ಲಿ, ಕೆಲಸ ಡೆಟ್ರಾಯ್ಟ್ ಡೌನ್‌ಟೌನ್‌ನಲ್ಲಿ. ಸಹೋದ್ಯೋಗಿಯೊಬ್ಬರ ತಾಯಿಯ ಮನೆಗೆ ನಗರಾಡಳಿತವೇ ಹೊಸ ಚಾವಣಿ ಹಾಕಿಸಿಕೊಟ್ಟಿತಂತೆ, ಒಂದು ಡಾಲರೂ ಕೇಳಲಿಲ್ಲವಂತೆ. ಅದು ಕೇಂದ್ರ ಸರ್ಕಾರ ಕೋವಿಡ್‌ಗೆ ಅಂತ ಕೊಟ್ಟ ದುಡ್ಡು. ಸೋರುವ ಮನೆಗೂ ಕೊರೊನಾಗೂ ಏನು ಸಂಬಂಧ? ಊರಲ್ಲಿರುವ ಅಪ್ಪನಿಗೆ ಹೇಳಿದರೆ "ಅಲ್ಲೂ ಹೀಗೇನಾ" ಅಂತ ನಕ್ಕರು.

ಉತ್ತರ: ಇದರಲ್ಲಿ ಕದ್ದುಮುಚ್ಚಿ ಮಾಡಿದ್ದು ಏನೂ ಇಲ್ಲ ಅಂತ ಅಪ್ಪನಿಗೆ ಹೇಳಿ. ಕಾನೂನಲ್ಲೇ ಇದಕ್ಕೆ ಜಾಗ ಇದೆ.

ಬೈಡನ್ 2021ರ ಮಾರ್ಚ್ 11ರಂದು ಸಹಿ ಹಾಕಿದ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಅನ್ನೋ ಕೋವಿಡ್ ಪರಿಹಾರ ಕಾನೂನಲ್ಲಿ ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ನಗರ ಇಂಥ ಆಡಳಿತಗಳಿಗೆ ಅಂತಲೇ 35,000 ಕೋಟಿ ಡಾಲರ್ ಇಟ್ಟಿದ್ದರು. ಡೆಟ್ರಾಯ್ಟ್‌ಗೆ ಸಿಕ್ಕಿದ್ದು ಸುಮಾರು 82.7 ಕೋಟಿ. ಲಸಿಕೆ, ಮಾಸ್ಕ್‌ಗೆ ಮಾತ್ರ ಖರ್ಚು ಮಾಡಿ ಅಂತ ಯಾರೂ ಹೇಳಿರಲಿಲ್ಲ. ಕೋವಿಡ್ ಹೊಡೆತ ತಿಂದ ಬಡ ಕುಟುಂಬಗಳು, ನೀರು ಮತ್ತು ಚರಂಡಿ ಪೈಪು, ಇಂಟರ್ನೆಟ್, ನಗರ ಕಳೆದುಕೊಂಡ ಆದಾಯ, ಎಲ್ಲಕ್ಕೂ ಬಳಸಬಹುದಿತ್ತು.

ಆ ಕಳೆದುಕೊಂಡ ಆದಾಯದಲ್ಲಿ ನಿಮ್ಮ ಪಾಲೂ ಇರಬಹುದು! ಡೆಟ್ರಾಯ್ಟ್ ತನ್ನದೇ ಆದಾಯ ತೆರಿಗೆ ಹಾಕುತ್ತದೆ ಅಲ್ವಾ, ಅಲ್ಲೇ ವಾಸ ಇರುವವರಿಗೆ 2.4%, ನಿಮ್ಮ ಹಾಗೆ ಹೊರಗಿಂದ ಬಂದು ದುಡಿಯುವವರಿಗೆ 1.2%. 2020ರಲ್ಲಿ ಹೀಗೆ ಹೊರಗಿಂದ ಬರುವವರೆಲ್ಲ ಟ್ರಾಯ್, ನೋವೈ, ಕ್ಯಾಂಟನ್ ಅಂತ ಸುತ್ತಲಿನ ಊರುಗಳಲ್ಲಿ ತಮ್ಮ ತಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಾಗ, ಆ ದಿನಗಳ ತೆರಿಗೆಯನ್ನು ವಾಪಸ್ ಕೇಳುವ ಹಕ್ಕು ಅವರಿಗೆ ಬಂತು. ನೀವೂ ಕೇಳಿ ಪಡೆದಿರಬಹುದು. ಮೂರು ಕ್ಯಾಸಿನೊಗಳೂ ತಿಂಗಳುಗಟ್ಟಲೆ ಬಾಗಿಲು ಹಾಕಿದ್ದವು, ಆ ತೆರಿಗೆಯೂ ಹೋಯಿತು. ಹಾಗಾಗಿ ಬಂದ ದುಡ್ಡಲ್ಲಿ ಸುಮಾರು 40 ಕೋಟಿಯನ್ನು ನಗರ ಈ ಗುಂಡಿ ಮುಚ್ಚೋಕೆ ಅಂತ ಎತ್ತಿಟ್ಟಿತು. ಉಳಿದದ್ದು ಬಡಾವಣೆಗಳಿಗೆ, ಕೆಲಸದ ತರಬೇತಿಗೆ, ಮನೆ ರಿಪೇರಿಗೆ.

ಈಗ ಚಾವಣಿ ವಿಷಯ. "ರಿನ್ಯೂ ಡೆಟ್ರಾಯ್ಟ್" ಅನ್ನೋ ಯೋಜನೆ ಅದು. ಸ್ವಂತ ಮನೆ ಇದ್ದು, ಆದಾಯ ಕಡಿಮೆ ಇರುವ ವಯಸ್ಸಾದವರಿಗೆ ಮತ್ತು ಅಂಗವಿಕಲರಿಗೆ. ನನ್ನ ಲೆಕ್ಕದಲ್ಲಿ ಇದು ಜಾಣ ಖರ್ಚು. ಇದು ಒಂದೇ ಸಲ ಬರುವ ದುಡ್ಡು ನೋಡಿ. ಇದನ್ನು ನಂಬಿಕೊಂಡು ನೂರು ಜನರನ್ನು ಕಾಯಂ ಕೆಲಸಕ್ಕೆ ತಗೊಂಡರೆ, ದುಡ್ಡು ಮುಗಿದ ವರ್ಷ ಸಂಬಳಕ್ಕೆ ಎಲ್ಲಿಗೆ ಹೋಗೋದು? ಚಾವಣಿಗೆ ಆ ತಲೆನೋವಿಲ್ಲ, ಒಮ್ಮೆ ಹಾಕಿದರೆ ವರ್ಷಗಟ್ಟಲೆ ಆ ಕಡೆ ನೋಡಬೇಕಿಲ್ಲ. ಸೋರುವ ಮನೆಯನ್ನು ಬಿಟ್ಟುಹೋದರೆ ಅದು ಪಾಳು ಬೀಳುತ್ತದೆ, ಪಾಳು ಮನೆ ಕೆಡವುವುದಕ್ಕೂ ನಗರವೇ ದುಡ್ಡು ಸುರಿಯಬೇಕು. 2013ರಲ್ಲಿ ದಿವಾಳಿ ಅರ್ಜಿ ಹಾಕಿದ ಊರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂದಹಾಗೆ, ಈ ದುಡ್ಡನ್ನು ಹಳೇ ಸಾಲ ತೀರಿಸೋಕಾಗಲೀ ಪಿಂಚಣಿ ನಿಧಿಗೆ ತುಂಬೋಕಾಗಲೀ ಬಳಸುವ ಹಾಗಿರಲಿಲ್ಲ.

ಇನ್ನೂ ಜಾಣರು ನಿಮ್ಮಿಂದ ಒಂದು ಗಂಟೆ ದೂರದ, ಒಹಾಯೊ ರಾಜ್ಯದ ಟೊಲಿಡೊ ನಗರದವರು. ನಗರದಿಂದ 8 ಲಕ್ಷ, ಕೌಂಟಿಯಿಂದ 8 ಲಕ್ಷ ಡಾಲರ್ ಹಾಕಿ, ಜನರ 24 ಕೋಟಿ ಡಾಲರ್ ತನಕದ ಆಸ್ಪತ್ರೆ ಸಾಲ ಅಳಿಸುವ ಯೋಜನೆ ಮಾಡಿದರು. ವಸೂಲಾಗದ ಸಾಲ ಅಲ್ಲಿ ಚಿಲ್ಲರೆ ಕಾಸಿಗೆ ಮಾರಾಟಕ್ಕೆ ಸಿಗುತ್ತದೆ, ಅದನ್ನು ಕೊಂಡು ಮನ್ನಾ ಮಾಡೋದೇ ಗುಟ್ಟು.

ನಿಮ್ಮ ಅನುಮಾನವನ್ನು ಚಾವಣಿ ಮೇಲೆ ಹಾಕಬೇಡಿ, ಆ "ಕಳೆದುಹೋದ ಆದಾಯ" ಅನ್ನೋ ಬಾಬತ್ತಿನ ಮೇಲೆ ಹಾಕಿ. ಯಾವ ನಗರವೇ ಆಗಲಿ, ಅಲ್ಲಿಗೆ ಹಾಕಿದ ದುಡ್ಡು ಮಾಮೂಲಿ ಖರ್ಚಿಗೆ ಬೆರೆತುಹೋಗುತ್ತದೆ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ಹಾಗೆ. ಕೇಂದ್ರದ ಖಜಾನೆ ಇಲಾಖೆಗೆ ಕೊಡುವ ವರದಿಗಳಲ್ಲಿ ಚಾವಣಿಯ ಲೆಕ್ಕ ಸಿಕ್ಕಷ್ಟು ಸಲೀಸಾಗಿ ಇದರದ್ದು ಸಿಗಲ್ಲ.

ಹೊಸದಾಗಿ ಯಾರಿಗಾದರೂ ಕೊಡಿಸೋಣ ಅಂದುಕೊಂಡರೆ ತಡವಾಯಿತು. ಯಾವುದಕ್ಕೆ ಎಷ್ಟು ಅನ್ನೋ ಒಪ್ಪಂದಗಳು 2024ರ ಡಿಸೆಂಬರ್ 31ರೊಳಗೇ ಆಗಿಬಿಟ್ಟಿರಬೇಕಿತ್ತು. ಖರ್ಚು ಮಾಡೋಕೆ ಮಾತ್ರ 2026ರ ಡಿಸೆಂಬರ್ 31ರ ತನಕ ಅವಕಾಶ. ಹಾಗಾಗಿ "ಕೋವಿಡ್ ಗ್ರಾಂಟ್ ಕೊಡಿಸ್ತೀವಿ, ಫೀಸ್ ಕಟ್ಟಿ" ಅಂತ ಯಾರಾದರೂ ಫೋನ್ ಮಾಡಿದರೆ ಸುಮ್ನೆ ಇಟ್ಟುಬಿಡಿ.